ಎಣ್ಣೆ ಇಳಿಯದ ಕಾರು

ನನ್ನ ಗಂಡನಿಗೆ ಕಾರು ಬಿಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕಾರಿನಲ್ಲಿ ಅವರ ಜೊತೆ ಹೋದವರಿಗೆ ಇದು ಗೊತ್ತೇ ಆಗುವುದಿಲ್ಲ. ಎಡಗಡೆ ಸೀಟಿನಲ್ಲಿ ಕೂತು ಗೇರ್ ಯಾವಾಗ ಇಳಿಸಬೇಕು, ಹಾರನ್ ಎಲ್ಲಿ ಹೊಡೆಯಬೇಕು, ಎದುರು ಬರುತ್ತಿರುವ ಬಸ್ಸಿನ ಡ್ರೈವರ್ ಎಂಥ ಸ್ವಭಾವದವನು, ಎಲ್ಲ ಹೇಳುತ್ತಾರೆ. ತಿರುವು ಬಂತೆಂದರೆ ಅವರ ಬಲಗಾಲು ತನ್ನಷ್ಟಕ್ಕೆ ತಾನೇ ನೆಲವನ್ನು ಒತ್ತುತ್ತದೆ. ಅಲ್ಲಿ ಬ್ರೇಕ್ ಇಲ್ಲ. ಆದರೂ ಆ ಬದಿಯ ಮ್ಯಾಟು ಸವೆದು ತೂತು ಬೀಳುವ ಹಾಗಾಗಿದೆ, ನನ್ನ ಬದಿಯದು ಇನ್ನೂ ಗಟ್ಟಿಯಾಗಿದೆ.

ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದು ನಿವೃತ್ತರಾದವರು. ಕೊಪ್ಪದ ಪೇಟೆಯಲ್ಲಿ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ನಾನು ಟೈಲರ್. ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತೇನೆ. ಮಂಗಳವಾರ ಶೃಂಗೇರಿಯಲ್ಲಿ, ಶುಕ್ರವಾರ ನರಸಿಂಹರಾಜಪುರದಲ್ಲಿ ಹೆಂಗಸರ ಸಂಘಗಳಿಗೆ ಹೊಲಿಗೆ ಕಲಿಸುತ್ತೇನೆ. ಮೊದಲೆಲ್ಲ ಹೊಲಿಗೆ ಮೆಷಿನ್ನಿನ ಮೇಲ್ಭಾಗವನ್ನು ಕಳಚಿ ಗೋಣಿಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆ. ಕಂಡಕ್ಟರ್ ನನ್ನನ್ನು ನೋಡಿದ ಕೂಡಲೇ, "ಬಂದ್ರಾ ಅಮ್ಮ? ಈ ಮಗುಗೆ ಅರ್ಧ ಟಿಕೆಟ್ ತಗೊಳ್ಳಿ, ನಿಮಗಿಂತ ಭಾರ ಇದೆ" ಎನ್ನುತ್ತಿದ್ದ. ಇಡೀ ಬಸ್ಸು ನಗುತ್ತಿತ್ತು. ನಾನೂ ನಗುತ್ತಿದ್ದೆ, ಸೊಂಟ ಮಾತ್ರ ನಗುತ್ತಿರಲಿಲ್ಲ.

ಹಾಗಾಗಿ ಐವತ್ತೆರಡನೇ ವಯಸ್ಸಿಗೆ ಕಾರು ಕಲಿತೆ. ಕಾರನ್ನು ಆರಿಸಿದವರು ನನ್ನ ಗಂಡ. ನರಸಿಂಹರಾಜಪುರದಲ್ಲಿ ಯಾರದೋ ಹಳೆಯ ಡೀಸೆಲ್ ಕಾರು. ಅದರ ಸುತ್ತ ಮೂರು ಸುತ್ತು ಬಂದು, ಟೈರಿಗೆ ಒದ್ದು, ಬಾನೆಟ್ ಎತ್ತಿಸಿ, ಪರೀಕ್ಷೆಯ ಪೇಪರ್ ತಿದ್ದುವ ಮುಖ ಮಾಡಿ, "ಇದು ಕಲ್ಲು ಇದ್ದ ಹಾಗಿದೆ" ಎಂದು ಪಾಸು ಮಾಡಿದ್ದರು.

ಇಲ್ಲಿ ನನ್ನದೊಂದು ಕೆಟ್ಟ ಚಾಳಿಯನ್ನೂ ಹೇಳಬೇಕು. ಕೈಗೆತ್ತಿಕೊಂಡದ್ದರಲ್ಲಿ ಒಂದು ಎಡವಟ್ಟಾದರೆ ಸಾಕು, ಅದು ನನ್ನದೇ ತಪ್ಪು ಎಂದು ತೀರ್ಮಾನ ಮಾಡಿ ಆ ಕೆಲಸವನ್ನೇ ಬಿಟ್ಟುಬಿಡುತ್ತೇನೆ. ಕಾಲೇಜಿಗೆ ಹೋಗುವಾಗ ಒಮ್ಮೆ ಬಸ್‌ಸ್ಟ್ಯಾಂಡಿನ ಎದುರು ಸೈಕಲ್ಲಿನಿಂದ ಬಿದ್ದೆ. ಸೈಕಲ್ ತಂಗಿಗೆ ಹೋಯಿತು. ಮದುವೆಯಾದ ಹೊಸತರಲ್ಲಿ ಹಾರ್ಮೋನಿಯಂ ಕಲಿಯುತ್ತಿದ್ದೆ. ಮನೆಗೆ ಬಂದ ನೆಂಟರೊಬ್ಬರು, "ತಾಳ ಸ್ವಲ್ಪ ಆಚೀಚೆ ಆಗ್ತಿದ್ಯಾ ಅಂತ" ಎಂದರು. ಹಾರ್ಮೋನಿಯಂ ಅಟ್ಟ ಹತ್ತಿತು, ಇನ್ನೂ ಇಳಿದಿಲ್ಲ. ಕಾರಿನಲ್ಲೂ ಹಾಗೇ ಆಗುವುದರಲ್ಲಿತ್ತು. ಮೊದಲ ತಿಂಗಳಲ್ಲೇ ಹಿಂದೆ ತೆಗೆಯುವಾಗ ಪಕ್ಕದ ಮನೆಯ ಕಲ್ಲಿನ ಕಾಂಪೌಂಡನ್ನು ನಾಲ್ಕು ಮೊಳ ಉರುಳಿಸಿದೆ. ಒಳಗೆ ಬಂದು ಗಂಡನ ಅಂಗೈ ಮೇಲೆ ಕೀ ಇಟ್ಟು, "ನನ್ ಕೈಲಿ ಆಗಲ್ಲ. ಮಾರಿಬಿಡಿ" ಎಂದೆ.

"ನಂಗೆ ಬಿಡಕ್ಕೆ ಬರಲ್ಲ. ಈ ಕೀ ಇಟ್ಕೊಂಡು ನಾನೆಂತ ಮಾಡ್ಲಿ ಮಾರಾಯ್ತಿ, ಬೆನ್ನು ತುರಿಸ್ಕೊಳ್ಲಾ?" ಎಂದರು. ಕೀಯನ್ನು ನನ್ನ ಮೆಷಿನ್ನಿನ ಡ್ರಾಯರಿನಲ್ಲಿ ಹಾಕಿದರು. ಮಾರನೇ ದಿನ ಪಕ್ಕದ ಮನೆಯವರ ಜೊತೆ ಸೇರಿ ಕಲ್ಲನ್ನು ಮತ್ತೆ ಪೇರಿಸಿದರು. ಅದರ ಮಾರನೇ ದಿನ ಮಂಗಳವಾರ. ಬೆಳಿಗ್ಗೆ ನೋಡಿದರೆ ಇಸ್ತ್ರಿ ಅಂಗಿ ಹಾಕಿಕೊಂಡು ಎಡಗಡೆ ಸೀಟಿನಲ್ಲಿ ಕೂತಾಗಿದೆ! "ಹೊರಡು, ಶೃಂಗೇರಿಯೋರು ಕಾಯ್ತಿರ್ತಾರೆ" ಎಂದು ಹಾರನ್ ಬೇರೆ ಹೊಡೆದರು. ಹೋಗದೆ ಏನು ಮಾಡಲಿ?

ಅಲ್ಲಿಂದ ಎರಡು ವರ್ಷ ಕಾರು ನನ್ನ ಮಾತು ಕೇಳಿತು. ಅದರಲ್ಲಿ ಕೂತರೆ ನನಗಾಗುವ ಸುಖವನ್ನು ಬಾಯಿಬಿಟ್ಟು ಹೇಳಿಕೊಂಡವಳಲ್ಲ, ಈಗ ಹೇಳುತ್ತೇನೆ. ಯಾರೂ "ಸ್ವಲ್ಪ ಒಳಗೆ ಹೋಗಿ ಅಮ್ಮ" ಎನ್ನುವುದಿಲ್ಲ. ನಾಲ್ಕೂವರೆ ಬಸ್ಸು ತಪ್ಪೀತೆಂದು ಅರ್ಧ ಹೊಲಿದ ತೋಳನ್ನು ಬಿಟ್ಟು ಓಡಬೇಕಾಗಿಲ್ಲ. ಹರಿಹರಪುರದಲ್ಲಿ ಮನಸ್ಸಾದರೆ ನಿಲ್ಲಿಸಿ ಒಂದು ಚಾ ಕುಡಿಯಬಹುದು. ಐವತ್ತು ವರ್ಷ ಬೇರೆಯವರ ಟೈಮಿಗೆ ಬದುಕಿದವಳಿಗೆ ಇದು ಸಣ್ಣದಲ್ಲ.

ಕಾಯಿಲೆ ಗೊತ್ತಾದದ್ದು ನನ್ನ ಗಂಡ ಊರಲ್ಲಿಲ್ಲದಾಗ. ಸಿರಿಮನೆ ಕಡೆಯ ನೆಂಟರ ಮನೆಯಲ್ಲಿ ಮದುವೆ, ನಾಲ್ಕು ದಿನ ಮೊದಲೇ ಹೋಗಿದ್ದರು. ಮಂಗಳವಾರ ನಾನೊಬ್ಬಳೇ ಶೃಂಗೇರಿಗೆ ಹೊರಟೆ. ಹರಿಹರಪುರ ದಾಟಿ ಒಂದು ಏರು ಹತ್ತುವಾಗ ಬಿಸಿ ತೋರಿಸುವ ಮುಳ್ಳು, ಎಂದೂ ಅರ್ಧ ದಾಟದೇ ಇದ್ದದ್ದು, ಮುಕ್ಕಾಲಿಗೆ ಹೋಗಿ ನಿಂತಿತು. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದೆ. ಬಿಸಿ ಇರುವಾಗ ನೀರಿನ ಮುಚ್ಚಳ ತೆಗೆಯಬಾರದು ಎಂದು ಎಡಗಡೆ ಸೀಟಿನಿಂದ ನೂರು ಸಲ ಕೇಳಿಸಿಕೊಂಡಿದ್ದರಿಂದ ಅರ್ಧ ಗಂಟೆ ಕಾದೆ. ಆಮೇಲೆ ತೆಗೆದೆ. ಒಳಗೆ ನೀರಿರಬೇಕಾದಲ್ಲಿ ಕಂದು ಬಣ್ಣದ ಜಿಡ್ಡು. ಬಾಣಂತಿಗೆ ಕೊಡುವ ಲೇಹದಂತೆ ಮುಚ್ಚಳಕ್ಕೆ ಅಂಟಿಕೊಂಡು ಮೇಲೆ ಬಂತು. ಎಂಥ ಸಾವು!

ಕಂಡ ಕಂಡ ಹೋಟೆಲಿನಲ್ಲಿ ನೀರು ಬೇಡಿ ಹೊಯ್ದುಕೊಂಡು, ನಾಲ್ಕು ಕಡೆ ನಿಲ್ಲಿಸಿ ಆರಿಸಿಕೊಂಡು, ಹೇಗೋ ಕೊಪ್ಪಕ್ಕೆ ವಾಪಸ್ ಬಂದು ನಮ್ಮ ಮೆಕ್ಯಾನಿಕ್ಕನ ಗ್ಯಾರೇಜಿಗೆ ತಂದು ನಿಲ್ಲಿಸಿದೆ.

ಈ ಮೆಕ್ಯಾನಿಕ್ ನನ್ನ ಗಂಡನ ಹಳೆಯ ವಿದ್ಯಾರ್ಥಿ. ವಯಸ್ಸು ನಲವತ್ತೈದು ದಾಟಿದೆ, ಗಡ್ಡದಲ್ಲಿ ಬಿಳಿ ಬಂದಿದೆ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದಾನೆ. ಆದರೂ ನನ್ನ ಗಂಡ ಗ್ಯಾರೇಜಿಗೆ ಕಾಲಿಟ್ಟರೆ ಜೀಪಿನ ಅಡಿಯಿಂದ ಮಲಗಿದಲ್ಲೇ ಜಾರಿಕೊಂಡು ಹೊರಬಂದು, ಸ್ಪ್ಯಾನರನ್ನು ಬೆನ್ನ ಹಿಂದೆ ಅಡಗಿಸಿ, ಎದ್ದು ನಿಲ್ಲುತ್ತಾನೆ. ಸ್ಪ್ಯಾನರನ್ನು ಯಾಕೆ ಅಡಗಿಸುತ್ತಾನೋ ಇವತ್ತಿಗೂ ನನಗೆ ಅರ್ಥವಾಗಿಲ್ಲ. ಅವತ್ತು ಸರ್ ಇಲ್ಲದ್ದರಿಂದ ನಿರಾಳವಾಗಿದ್ದ.

ಜಿಡ್ಡನ್ನು ಬೆರಳಲ್ಲಿ ತೆಗೆದು, ಉಜ್ಜಿ, ಮೂಸಿ ನೋಡಿದ. "ಅಮ್ಮ, ಇದು ಎಂಜಿನ್ ಆಯಿಲ್."

"ನೀರಿರೋ ಜಾಗಕ್ಕೆ ಎಣ್ಣೆ ಹೆಂಗೆ ಬಂತು ಮಾರಾಯ?"

"ಅದನ್ನೇ ಹುಡುಕ್ಬೇಕು. ಎಣ್ಣೆ ಓಡಾಡೋ ರಸ್ತೆ ಬೇರೆ, ನೀರು ಓಡಾಡೋ ರಸ್ತೆ ಬೇರೆ. ಇವೆರಡೂ ಎಲ್ಲೋ ಒಂದು ಕಡೆ ಸಿಕ್ಕಿದಾವೆ." ಆಮೇಲೆ ಸ್ವಲ್ಪ ಅನುಮಾನಿಸಿ, "ಅಮ್ಮ, ಬೇಜಾರು ಮಾಡ್ಕೋಬೇಡಿ. ನಿಮ್ಮ ಹೊಲಿಗೆ ಮೆಷಿನ್ನಿನ ಎಣ್ಣೆ ಏನಾದ್ರೂ ಮರೆತು ಇದಕ್ಕೆ…" ಎಂದ. ನಾನು ನೋಡಿದ ನೋಟಕ್ಕೆ ಮಾತನ್ನು ಅಲ್ಲಿಗೇ ನುಂಗಿದ.

ಎಣ್ಣೆ ನೀರು ಸೇರುವುದಕ್ಕೆ ಮುಖ್ಯವಾಗಿ ಎರಡು ಜಾಗ ಇವೆಯಂತೆ. ಒಂದು, ಎಂಜಿನ್ನಿನ ಮೇಲೆ ಮುಚ್ಚಿದ ಹೆಡ್ಡು ಮತ್ತು ಅದರ ಕೆಳಗೆ ಸಂದು ಮುಚ್ಚುವ ಗ್ಯಾಸ್ಕೆಟ್. ಅದು ಹೋಗಿದ್ದರೆ ಎಂಜಿನ್ ಬಿಚ್ಚಬೇಕು, ಹೆಡ್ಡನ್ನು ಶಿವಮೊಗ್ಗಕ್ಕೆ ಕಳಿಸಿ ಸಮ ಮಾಡಿಸಬೇಕು, ಹಳೆಯ ಕಾರಿಗೆ ಅಷ್ಟೆಲ್ಲ ಮಾಡುವುದಕ್ಕಿಂತ ಕೊಟ್ಟುಬಿಡುವುದೇ ವಾಸಿ. ಇನ್ನೊಂದು, ಆಯಿಲ್ ಕೂಲರ್. ಬಿಸಿ ಎಣ್ಣೆಯನ್ನು ನೀರು ತಣಿಸುವ ಸಣ್ಣ ಡಬ್ಬಿ ಅದು. ಒಳಗಿನ ತೆಳು ಗೋಡೆಯ ಆಚೆ ಎಣ್ಣೆ, ಈಚೆ ನೀರು. ಆ ಗೋಡೆ ಒಡೆದಿದ್ದರೆ ಡಬ್ಬಿ ಬದಲಿಸಿದರಾಯಿತು.

"ಒಂದು ದೊಡ್ಡ ರೋಗ, ಒಂದು ಸಣ್ಣ ರೋಗ. ಎರಡಕ್ಕೂ ಲಕ್ಷಣ ಮಾತ್ರ ಮೇಲಿಂದ ಒಂದೇ" ಎಂದ.

ಆಮೇಲೆ ಅವನು ಪರೀಕ್ಷೆ ಮಾಡಿದ ರೀತಿ ನನಗೆ ಬಹಳ ಹಿಡಿಸಿತು. ಎಣ್ಣೆ ಅಳೆಯುವ ಕಡ್ಡಿ ಎಳೆದು ಬೆಳಕಿಗೆ ಹಿಡಿದ. ನೀರು ಎಣ್ಣೆಗೆ ಸೇರಿದ್ದರೆ ಎಣ್ಣೆ ಬೆಳ್ಳಗೆ ಹಾಲುಹಾಲಾಗುತ್ತದೆ, ಆಗಿರಲಿಲ್ಲ. ಎಂಜಿನ್ ತಣ್ಣಗಾದ ಮೇಲೆ ನೀರಿನ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿಸಿ, ಹೆಡ್ಡು ಹೋಗಿದ್ದರೆ ಏಳುವ ಗುಳ್ಳೆ ಬರುತ್ತದೆಯೇ ಎಂದು ಬಗ್ಗಿ ನೋಡಿದ, ಬರಲಿಲ್ಲ. ಹಿಂದೆ ಹೋಗಿ ಹೊಗೆಗೆ ಅಂಗೈ ಒಡ್ಡಿದ. ಬಿಳಿ ಹೊಗೆ ಇರಲಿಲ್ಲ. ಇಷ್ಟಾಗಿ ಎದ್ದು ನಿಂತು, "ಈಗ ಒಂದೇ ಪ್ರಶ್ನೆ ಉಳೀತು. ಎಣ್ಣೆ ಇಳೀತಾ ಇದ್ಯಾ? ಕೂಲರ್ ಒಡೆದಿದ್ರೆ ವಾರ ವಾರ ಸರಸರ ಇಳೀಬೇಕು" ಎಂದು ಕೇಳಿದ.

"ಎಣ್ಣೆ ನೀರು ನೋಡೋದು ನಿಮ್ಮ ಸರ್ ಖಾತೆ. ಅವರೇ ಬರ್ಲಿ" ಎಂದೆ.

ಸರ್ ಗುರುವಾರ ಬಂದರು. ಮದುವೆಯ ಲಾಡು ಪೊಟ್ಟಣ ಕೈಯಲ್ಲಿ ಹಿಡಿದೇ ಗ್ಯಾರೇಜಿಗೆ ಬಂದರು. ಮೆಕ್ಯಾನಿಕ್ ಜಾರಿಕೊಂಡು ಹೊರಬಂದು ನಿಂತ. ಎಣ್ಣೆ ಇಳಿಯುತ್ತಿದೆಯೇ ಎಂದು ಕೇಳಿದ. ನನ್ನ ಗಂಡ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಗ್ಯಾರೇಜಿನ ತಗಡಿನ ಸೂರು ನೋಡಿದರು. "ಇಲ್ಲ. ಒಂಚೂರೂ ಇಳಿದಿಲ್ಲ" ಎಂದರು.

"ಒಂಚೂರೂ ಇಲ್ವಾ ಸರ್?"

"ಇಲ್ಲ ಅಂದ್ನಲ್ಲ. ಹಿಂದಿನ ಓನರ್ ಏನೋ ತಪ್ಪಿ ಹೊಯ್ದಿರ್ಬೇಕು, ಅದು ಈಗ ಬಿಟ್ಕೊಳ್ತಿದೆ."

ಬೇರೆ ಯಾರೇ ಹೀಗೆ ಹೇಳಿದ್ದರೂ ಅವನು ಎರಡು ದಿನ ಕಾರು ನಿಲ್ಲಿಸಿಕೊಂಡು ತಾನೇ ಅಳೆದು ನೋಡುತ್ತಿದ್ದ. ಆದರೆ ಹೇಳಿದವರು ಸರ್. ಎಣ್ಣೆ ನೀರಿಗಿಂತ ಹಗುರ ಎಂದು ಅವನಿಗೆ ಎಂಟನೇ ಕ್ಲಾಸಿನಲ್ಲಿ ಕಲಿಸಿದ ಸರ್. ಅವರ ಮಾತಿನ ಮೇಲೆ ಕಡ್ಡಿ ಹಾಕಿ ನೋಡುವುದೆಂದರೆ ಗುರುವಿಗೇ ತಿರುಮಂತ್ರ ಹಾಕಿದ ಹಾಗೆ. "ಸರ್ ಹೇಳಿದ್ಮೇಲೆ ಮುಗೀತು" ಎಂದು, ಸೋಪಿನ ಪುಡಿ ಕಲಸಿದ ಬಿಸಿನೀರು ಹಾಕಿ ಎಂಜಿನ್ ಓಡಿಸಿ, ಪೈಪಿನಲ್ಲಿ ನೀರು ಬಿಟ್ಟು, ತಿಳಿನೀರು ಬರುವ ತನಕ ಮೂರು ಸಲ ತೊಳೆದು ಸೋಮವಾರ ಕೊಟ್ಟ. ಹತ್ತು ದಿನ ದೂರ ಹೋಗಬೇಡಿ, ದಿನಾ ಬೆಳಿಗ್ಗೆ ಎಣ್ಣೆ ಎಷ್ಟಿದೆ ನೋಡಿ ಬರೆದಿಡಿ ಎಂದ.

"ನಾನು ನೋಡ್ತೀನಿ" ಎಂದರು ನನ್ನ ಗಂಡ, ಸ್ವಲ್ಪ ಬೇಗವೇ.

"ಬ್ಯಾಡ, ಕಾರು ಬಿಡೋಳು ನಾನು. ನಾನೇ ನೋಡ್ತೀನಿ" ಎಂದೆ.

ಮಂಗಳವಾರದಿಂದ ದಿನಾ ಬೆಳಿಗ್ಗೆ ಏಳು ಗಂಟೆಗೆ ಕಡ್ಡಿ ಎಳೆದು ನೋಡಿ ನನ್ನ ಅಳತೆ ಪುಸ್ತಕದಲ್ಲಿ ಬರೆದೆ. ಒಂದು ಹಾಳೆಯಲ್ಲಿ ಗಿರಾಕಿಗಳ ಎದೆ ಸುತ್ತಳತೆ, ತೋಳು. ಎದುರು ಹಾಳೆಯಲ್ಲಿ ಕಾರು. ಹತ್ತು ದಿನವೂ ಎಣ್ಣೆ ಕಡ್ಡಿಯ ಮೇಲಿನ ಗೆರೆಗೆ ಸರಿಯಾಗಿ ಇತ್ತು. ಆದರೆ ನೀರಿನಲ್ಲಿ ಮತ್ತೆ ಜಿಡ್ಡು ತೇಲಿತು. ಮೊದಲಿನಷ್ಟು ದಪ್ಪ ಅಲ್ಲ, ಆದರೂ ಇತ್ತು.

ಹನ್ನೊಂದನೇ ದಿನ ಶುಕ್ರವಾರ. ನರಸಿಂಹರಾಜಪುರಕ್ಕೆ ಹೋಗುವ ಬದಲು ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ನಮಾಜು ಮುಗಿಸಿ ಬಂದವನು ನನ್ನ ಪುಸ್ತಕ ನೋಡಿದ, ನೀರು ನೋಡಿದ, ತಲೆ ಕೆರೆದುಕೊಂಡ. ಹೇಳಲು ಅವನಿಗೆ ಇಷ್ಟವಿರಲಿಲ್ಲ. "ಕೂಲರ್ ಆಗಿದ್ರೆ ಎಣ್ಣೆ ಇಳೀಲೇಬೇಕಿತ್ತು. ಇಳೀದೆ ಸಣ್ಣಗೆ ಜಿನುಗ್ತಿದೆ ಅಂದ್ರೆ… ಗುಳ್ಳೆ, ಹೊಗೆ ಬರದಷ್ಟು ಸಣ್ಣ ಬಿರುಕು ಹೆಡ್ಡಲ್ಲೇ ಇರ್ಬೇಕು ಅಮ್ಮ."

ನನ್ನ ಚಾಳಿ ಗೊತ್ತಲ್ಲ. ನಾನು ಹೆಡ್ಡಿನ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಏರಿನಲ್ಲಿ ಎರಡನೇ ಗೇರಿನಲ್ಲೇ ಎಂಜಿನ್ ಕಿರುಚಿಸಿಕೊಂಡು ಹೋದದ್ದು, ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಇದ್ದದ್ದು, ಎಲ್ಲ ಕಣ್ಣ ಮುಂದೆ ಬಂತು. "ನಾನೇ ಹಾಳು ಮಾಡಿದ್ದು. ಯಾರಾದ್ರೂ ತಗೊಳೋರಿದ್ರೆ ಹೇಳು" ಎಂದೆ. ಮುತ್ತಿನಕೊಪ್ಪದ ಒಬ್ಬರು ಹಳೆಯ ಕಾರುಗಳನ್ನು ಬಿಚ್ಚಿ ಸಾಮಾನು ಮಾರಲು ಕೊಳ್ಳುತ್ತಾರೆ, ಸೋಮವಾರ ಕೊಪ್ಪಕ್ಕೆ ಬರುವವರಿದ್ದಾರೆ ಎಂದ ಮೆಕ್ಯಾನಿಕ್. ಸೋಮವಾರ ತರುತ್ತೇನೆ ಎಂದುಬಿಟ್ಟೆ. ಮನೆಗೆ ಬರುವ ದಾರಿಯಲ್ಲಿ ತಿರುವು ಬಂದರೂ ನನ್ನ ಗಂಡನ ಕಾಲು ಅಲ್ಲಾಡಲಿಲ್ಲ.

ಶನಿವಾರ ಸಂಜೆ ಒಬ್ಬರ ರವಿಕೆ ಕತ್ತರಿಸಲು ಅಳತೆ ಪುಸ್ತಕ ತೆರೆದೆ. ಕಾರಿನ ಹಾಳೆ ಕಣ್ಣಿಗೆ ಬಿತ್ತು. ಹನ್ನೊಂದು ದಿನ, ಹನ್ನೊಂದು ಅಳತೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಮೂವತ್ತು ವರ್ಷದಿಂದ ಟೇಪು ಹಿಡಿದವಳು ನಾನು. ಒಂದೇ ಹೆಂಗಸಿನ ಸೊಂಟ ಊಟಕ್ಕೆ ಮೊದಲು ಒಂದು, ಊಟವಾದ ಮೇಲೆ ಇನ್ನೊಂದು ಬರುತ್ತದೆ. ಯಾರಾದರೂ "ನಂದು ಹತ್ತು ವರ್ಷದಿಂದ ಇದೇ ಅಳತೆ" ಎಂದರೆ ಅವರು ಹೊಟ್ಟೆ ಎಳೆದುಕೊಂಡು ನಿಂತಿದ್ದಾರೆ ಎಂದೇ ಅರ್ಥ. ಇಪ್ಪತ್ತು ವರ್ಷದ ಹಳೆಯ ಎಂಜಿನ್, ಎಣ್ಣೆ ನೀರಿಗೆ ಸೇರುತ್ತಿರುವುದು ಕಣ್ಣಿಗೆ ಕಾಣುತ್ತಿದೆ, ಆದರೂ ಒಂದು ಹನಿ ಕಮ್ಮಿಯಾಗುವುದಿಲ್ಲವೆಂದರೆ ಯಾರೋ ಹೊಟ್ಟೆ ಎಳೆದುಕೊಂಡು ನಿಂತಿದ್ದಾರೆ.

ಎರಡು ತುಂಡು ಬಟ್ಟೆ ಜೋಡಿಸುವಾಗ ನಾವು ಎರಡರ ಮೇಲೂ ಸೇರಿಸಿ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆಯುತ್ತೇವೆ. ಹೊಲಿಯುವಾಗ ಬಟ್ಟೆ ಜರುಗಿದರೆ ಗೆರೆ ಮುರಿದು ಕಾಣುತ್ತದೆ. ಬಿಳಿ ಚಾಕ್‌ಪೀಸಿನ ತುಂಡು ತೆಗೆದುಕೊಂಡು ಅಂಗಳಕ್ಕೆ ಹೋದೆ. ಬಾನೆಟ್ ಎತ್ತಿ, ಎಂಜಿನ್ನಿಗೆ ಎಣ್ಣೆ ಹೊಯ್ಯುವ ಜಾಗದ ಮುಚ್ಚಳದಿಂದ ಎಂಜಿನ್ನಿನ ಮೈಗೆ ಸೇರುವ ಹಾಗೆ ಒಂದು ಸಣ್ಣ ಗೆರೆ ಎಳೆದು ಬಂದು ಅಡಿಗೆ ಮಾಡಿದೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿದರೆ ಗೆರೆ ಮುರಿದಿತ್ತು. ಮುಚ್ಚಳದ ಮೇಲಿನ ತುಂಡು ಒಂದು ಕಡೆ, ಕೆಳಗಿನದು ಅರ್ಧ ಬೆರಳು ಆಚೆ. ಕಡ್ಡಿಯಲ್ಲಿ ಎಣ್ಣೆ ಎಂದಿನಂತೆ ಮೇಲಿನ ಗೆರೆಗೆ ಸರಿಯಾಗಿ.

ನಮ್ಮ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಏಳುವ ಪ್ರಾಣಿ ಒಂದೇ. ವಾಕಿಂಗ್ ಎಂದು ಹೋಗುತ್ತದೆ, ಆರೂವರೆಗೆ ಬರುತ್ತದೆ. ಅವತ್ತು ಅವರು ಪೇಪರ್ ತರಲು ಪೇಟೆಗೆ ಹೋದ ಕೂಡಲೇ ಮನೆ ಜಾಲಾಡಿದೆ. ಹೆಚ್ಚು ಹೊತ್ತು ಬೇಕಾಗಲಿಲ್ಲ; ಇಷ್ಟು ವರ್ಷ ಜೊತೆಗೆ ಬದುಕಿದ ಮೇಲೆ ಅವರ ಬಚ್ಚಿಡುವ ಜಾಗ ನನಗೆ ಗೊತ್ತಿಲ್ಲವೇ? ಹಳೆಯ ಪುಸ್ತಕಗಳ ಕಪಾಟಿನಲ್ಲಿ ಎಂಟನೇ ಕ್ಲಾಸಿನ ವಿಜ್ಞಾನದ ಪುಸ್ತಕಗಳ ಸಾಲಿನ ಹಿಂದೆ ಎಂಜಿನ್ ಆಯಿಲ್ ಕ್ಯಾನು, ಮುಕ್ಕಾಲು ಖಾಲಿ. ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ನನ್ನದೇ ಲೈನಿಂಗ್ ಬಟ್ಟೆಯ ತುಂಡುಗಳು, ಕಂದು ಜಿಡ್ಡು ಮೆತ್ತಿಕೊಂಡು. ಎರಡು ತಿಂಗಳಿಂದ ತುಂಡುಗಳು ಕಾಣೆಯಾಗುತ್ತಿವೆಯೆಂದು ನಾನು ಇಲಿಯನ್ನು ಬೈಯುತ್ತಿದ್ದೆ. ಪಾಪದ ಇಲಿ.

ಈಗ ಎಲ್ಲ ಕೂಡಿ ಬಂತು. ಎಣ್ಣೆ ಇಳಿಯುವುದನ್ನು ಇವರು ಎರಡು ತಿಂಗಳ ಹಿಂದೆಯೇ ನೋಡಿದ್ದಾರೆ. ಗುಟ್ಟಾಗಿ ಎಣ್ಣೆ ಹೊಯ್ದಿದ್ದಾರೆ, ನೀರಿನ ಮೇಲಿನ ಜಿಡ್ಡನ್ನು ಬಟ್ಟೆಯಲ್ಲಿ ಅದ್ದಿ ತೆಗೆದಿದ್ದಾರೆ. ಮದುವೆಗೆಂದು ನಾಲ್ಕು ದಿನ ಆ ಕೆಲಸ ತಪ್ಪಿದಾಗ ನನ್ನ ಕಣ್ಣಿಗೆ ಬಿತ್ತು. ನರಸಿಂಹರಾಜಪುರದ ಸ್ನೇಹಿತರನ್ನು ನೋಡಿ ಬರುತ್ತೇನೆಂದು ಬಸ್ಸಿನಲ್ಲಿ ಹೋಗುತ್ತಿದ್ದದ್ದು ಈ ಕ್ಯಾನಿಗೆ, ಕೊಪ್ಪದಲ್ಲಿ ಕೊಂಡರೆ ಮೆಕ್ಯಾನಿಕ್ಕನ ಕಿವಿಗೆ ಬೀಳುತ್ತದಲ್ಲ. ನನಗೆ ಮೈಯೆಲ್ಲ ಉರಿಯಿತು. ಈ ಸುಳ್ಳಿನ ಮೇಲೆ ಅಲ್ಲವೇ ನನ್ನ ಕಾರಿಗೆ ದೊಡ್ಡ ರೋಗ ಎಂದು ತೀರ್ಮಾನವಾದದ್ದು? ಅಲ್ಲವೇ ನಾಳೆ ಅದನ್ನು ಬಿಚ್ಚಿ ಮಾರಲು ಕೊಡಹೊರಟದ್ದು? ಆದರೆ ಯಾಕೆ ಮಾಡಿದರು ಎಂಬುದು ತಲೆಗೆ ಹತ್ತಲಿಲ್ಲ. ಕಾರು ಹೋಗಲಿ ಎನ್ನುವವರು ಅದಕ್ಕೆ ಹೀಗೆ ಮುಂಜಾನೆ ಎದ್ದು ಎಣ್ಣೆ ಕುಡಿಸುವುದಿಲ್ಲ.

ಕ್ಯಾನನ್ನು ತೆಗೆದು ನನ್ನ ಬಟ್ಟೆ ಚೀಲದ ತಳದಲ್ಲಿಟ್ಟೆ. ಅವರಾಗಿ ಹೇಳುತ್ತಾರೋ ನೋಡೋಣ ಎಂದು ಭಾನುವಾರ ಪೂರ್ತಿ ಕಾದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಏನೂ ಅನ್ನದೆಯೇ ಇವರು ಬೆಳಗಿನಿಂದ ಹೆಗಲು ಮುಟ್ಟಿಕೊಳ್ಳುತ್ತಿದ್ದರು. ಮೂರು ಸಲ ನನ್ನ ಮೆಷಿನ್ನಿನ ಹತ್ತಿರ ಬಂದು ನಿಂತರು. ಮೊದಲ ಸಲ, "ಮಜ್ಜಿಗೆ ಇದ್ಯಾ?" ಎಂದರು. ಎರಡನೇ ಸಲ, "ಇವತ್ತು ಬಿಸಿಲು ಜಾಸ್ತಿ ಅಲ್ವಾ?" ಎಂದರು. ಮೂರನೇ ಸಲ ಚಾಕ್‌ಪೀಸಿನ ಡಬ್ಬಿ ತೆಗೆದು ಮುಚ್ಚಿ ಹೋದರು. ನಾನೂ ಹಟಮಾರಿ. ಕೇಳಲಿಲ್ಲ.

ಸೋಮವಾರ ಗ್ಯಾರೇಜಿಗೆ ಹೋದೆವು. ಮುತ್ತಿನಕೊಪ್ಪದವರು ಬಂದು ಕಾರಿನ ಸುತ್ತ ತಿರುಗಾಡುತ್ತಿದ್ದರು. ಬಾಗಿಲು ತೆಗೆದು ಹಾಕಿ ನೋಡಿದರು. "ಸೀಟ್ ಚೆನ್ನಾಗಿದಾವೆ, ಬಾಗ್ಲೂ ಆಗ್ತಾವೆ" ಎಂದರು. ನನ್ನ ಕಣ್ಣ ಮುಂದೆಯೇ ತುಂಡು ತುಂಡು ಮಾಡುತ್ತಿದ್ದ ಹಾಗಾಯಿತು. ಚೀಲದೊಳಗೆ ಕೈ ಹಾಕಿ ಕ್ಯಾನಿನ ಹಿಡಿಕೆ ಹಿಡಿದುಕೊಂಡೆ. ಬಾನೆಟ್ ಮೇಲೆ ಧಡ್ ಎಂದು ಇಡಬೇಕು, ಹಳೆಯ ವಿದ್ಯಾರ್ಥಿಯ ಎದುರೇ ಇಡಬೇಕು ಎಂದುಕೊಂಡೇ ಬಂದಿದ್ದೆ.

ಮೆಕ್ಯಾನಿಕ್ ನನ್ನ ಮುಖ ನೋಡಿ, "ಅಮ್ಮ, ಖಂಡಿತ ಕೊಡೋದಾ?" ಎಂದ.

"ನಿಲ್ಲು" ಎಂದರು ನನ್ನ ಗಂಡ.

ಕ್ಲಾಸಿನಲ್ಲಿ ಕೂಗುವ ದನಿ ಅಲ್ಲ. ಒಣಗಿದ ದನಿ. ಕೈ ಕಟ್ಟಿ ನಿಂತಿದ್ದರು, ಪಾಠ ಒಪ್ಪಿಸಲು ಬಾರದ ಮಕ್ಕಳು ನಿಂತ ಹಾಗೆ. "ಎಣ್ಣೆ ಇಳೀತಾ ಇದೆ ಮಾರಾಯ. ವಾರಕ್ಕೆ ಅರ್ಧ ಲೀಟರ್. ಎರಡು ತಿಂಗಳಿಂದ ನಾನೇ ಹೊಯ್ತಿದೀನಿ. ನಿನ್ ಹತ್ರ ಸುಳ್ಳು ಹೇಳಿದೆ."

ಮೆಕ್ಯಾನಿಕ್ಕನ ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆ ಬಿತ್ತು. "ಬಿಡಿ ಸರ್, ಬಿಡಿ. ಅದಕ್ಕೆಲ್ಲ ಎಂತ" ಎಂದು ತಡಬಡಿಸಿದ. ಸರ್ ಸುಳ್ಳು ಹೇಳಿದ್ದಕ್ಕಿಂತ ತನ್ನೆದುರು ಒಪ್ಪಿಕೊಂಡದ್ದೇ ಅವನಿಗೆ ತಡೆಯಲಾಗದ ಸಂಕಟವಾಗಿತ್ತು.

"ಯಾಕೆ?" ಎಂದೆ ನಾನು. ಕೈ ಇನ್ನೂ ಚೀಲದೊಳಗೇ ಇತ್ತು.

"ಕಾರಲ್ಲಿ ಏನೋ ಹಾಳಾಗಿದೆ ಅಂದಿದ್ರೆ ನೀನು ನಂದೇ ತಪ್ಪು ಅಂತ ಕೀ ತಂದು ನನ್ ಕೈಲಿಡ್ತಿದ್ದೆ. ಸೈಕಲ್ ಹೋಯ್ತು, ಹಾರ್ಮೋನಿಯಂ ಹೋಯ್ತು. ಇದೊಂದು ಉಳೀಲಿ ಅಂತ. ಸ್ವಲ್ಪ ದಿನ ಹೊಯ್ದು ನೋಡೋಣ, ತನ್ನಷ್ಟಕ್ಕೆ ಸರಿ ಆಗ್ಬಹುದು ಅಂದ್ಕೊಂಡೆ." ಆಮೇಲೆ ತಲೆ ಎತ್ತದೆ, "ವಿಜ್ಞಾನದ ಮೇಷ್ಟ್ರು ಹೇಳೋ ಮಾತಲ್ಲ, ಗೊತ್ತು" ಎಂದರು.

ಎಣ್ಣೆ ಸೀಗೆಕಾಯಿಯ ಹಾಗೆ ದಿನಾ ಕಿತ್ತಾಡುವವರು ನಾವು. ಈ ಮನುಷ್ಯನನ್ನು ಬೈಯಲು ನನಗೆ ಯಾವತ್ತೂ ಮಾತು ಸಾಲದೆ ಹೋಗಿ​ಲ್ಲ. ಅವತ್ತು ಸಿಟ್ಟು ಇತ್ತು, ಅದರ ಮೇಲೆ ಅಳು ಬಂತು, ಮುತ್ತಿನಕೊಪ್ಪದವರ ಎದುರು ಅಳಬಾರದೆಂದು ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಚೀಲದಿಂದ ಕೈ ಹೊರಗೆ ತೆಗೆದೆ, ಖಾಲಿ ಕೈ.

ಅಷ್ಟರಲ್ಲಿ ಮೆಕ್ಯಾನಿಕ್ ಬಾನೆಟ್ಟಿನೊಳಗೆ ಮುಳುಗಿಯಾಗಿತ್ತು. "ವಾರಕ್ಕೆ ಅರ್ಧ ಲೀಟರ್ ಅಂದ್ರೆ ಹೆಡ್ಡಲ್ಲ ಅಮ್ಮ! ಗುಳ್ಳೆ ಇಲ್ಲ, ಹೊಗೆ ಇಲ್ಲ, ಎಣ್ಣೆಗೆ ನೀರು ಬಂದಿಲ್ಲ, ನೀರಿಗೆ ಮಾತ್ರ ಎಣ್ಣೆ ಹೋಗಿದೆ. ಎಂಜಿನ್ ಓಡುವಾಗ ಎಣ್ಣೆಯ ಒತ್ತಡ ನೀರಿಗಿಂತ ಜಾಸ್ತಿ, ಅದಕ್ಕೇ ಒಂದೇ ಕಡೆಗೆ ನುಗ್ತಿದೆ. ಕೂಲರ್ರೇ, ಕೂಲರ್ರೇ!" ಒಂದು ಗಂಟೆಯಲ್ಲಿ ಆ ಡಬ್ಬಿಯನ್ನು ಬಿಚ್ಚಿ ತಂದ. ನೀರಿನ ದಾರಿಯ ಒಂದು ಬಾಯಿಯನ್ನು ರಬ್ಬರ್ ತುರುಕಿ ಮುಚ್ಚಿ, ಇನ್ನೊಂದಕ್ಕೆ ಟೈರಿಗೆ ಗಾಳಿ ಹೊಡೆಯುವ ಪೈಪು ಕೊಟ್ಟು, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ಹಾಗೆಯೇ. ನಾವು ನಾಲ್ಕೂ ಜನ ಬಕೆಟ್ಟಿನ ಸುತ್ತ ಕುಕ್ಕರಗಾಲಿನಲ್ಲಿ ಕೂತೆವು. ಎಣ್ಣೆ ಹೋಗುವ ಬಾಯಿಯಿಂದ ಗುಳಗುಳನೆ ಗುಳ್ಳೆ ಎದ್ದಿತು. ಒಳಗೋಡೆ ಒಡೆದಿತ್ತು.

ಮೊದಲು ಚಪ್ಪಾಳೆ ತಟ್ಟಿದವರು ಮುತ್ತಿನಕೊಪ್ಪದವರು. "ಕಾರು ಒಯ್ಯಕ್ಕೆ ಬಂದೋನು ನಾನು, ನಂಗ್ಯಾಕೆ ಇಷ್ಟು ಖುಷಿ ಆಗ್ತಿದೆ ಮಾರಾಯ್ರೆ" ಎಂದು ಎದ್ದು ಹೋದರು.

ಹೊಸ ಕೂಲರ್ ಮೂರನೇ ದಿನ ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂತು. ಜಿಡ್ಡು ಕುಡಿದು ಉಬ್ಬಿದ್ದ ಎರಡು ರಬ್ಬರ್ ಪೈಪುಗಳನ್ನೂ ಬದಲಿಸಿ, ಮತ್ತೆ ಮೂರು ಸಲ ತೊಳೆದುಕೊಟ್ಟ. ಶುಕ್ರವಾರ ನರಸಿಂಹರಾಜಪುರಕ್ಕೆ ಹೊರಟೆವು. ಮುಳ್ಳು ಅರ್ಧಕ್ಕಿಂತ ಮೇಲೆ ಏಳಲಿಲ್ಲ. ಮೊದಲ ತಿರುವಿನಲ್ಲೇ ಎಡಗಡೆಯ ಮ್ಯಾಟಿನ ಮೇಲೆ ಕಾಲು ಒತ್ತಿದ ಸದ್ದು ಕೇಳಿಸಿತು. "ಗೇರ್ ಇಳಿಸು, ಗೇರ್ ಇಳಿಸು. ಎದುರು ಬರೋನು ಒರಟ" ಎಂದರು. ಬದುಕು ಮತ್ತೆ ದಾರಿಗೆ ಬಂತು.

ಕ್ಯಾನಿನ ವಿಷಯ ನಾನು ಹೇಳಲಿಲ್ಲ. ತಾನಾಗಿಯೇ ಒಪ್ಪಿಕೊಂಡೆ ಎಂಬ ಒಂದು ಸಮಾಧಾನ ಅವರಿಗಿರಲಿ ಎಂದುಕೊಂಡೆ. ಸೋಮವಾರ ಗ್ಯಾರೇಜಿನಿಂದ ಬಂದ ಕೂಡಲೇ ಅವರು ಕಾಲು ತೊಳೆಯಲು ಬಚ್ಚಲಿಗೆ ಹೋದಾಗ, ಅದನ್ನು ಚೀಲದಿಂದ ತೆಗೆದು ಎಂಟನೇ ಕ್ಲಾಸಿನ ವಿಜ್ಞಾನದ ಹಿಂದೆ ಇದ್ದ ಜಾಗದಲ್ಲೇ ಇಟ್ಟಿದ್ದೆ. ಆದರೆ ಇಡುವ ಮೊದಲು, ನನ್ನ ಬುದ್ಧಿ ಎಲ್ಲಿ ಹೋಗುತ್ತದೆ, ಅದರ ಮುಚ್ಚಳದಿಂದ ಕ್ಯಾನಿನ ಮೈಗೆ ಸೇರಿಸಿ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆದಿದ್ದೆ. ಇನ್ನೊಮ್ಮೆ ಗುಟ್ಟಾಗಿ ಹೊಯ್ದರೆ ಗೊತ್ತಾಗಲಿ ಎಂದು.

ಒಂದು ತಿಂಗಳಾದ ಮೇಲೆ ಧೂಳು ಹೊಡೆಯುವ ನೆಪದಲ್ಲಿ ಪುಸ್ತಕಗಳನ್ನು ಸರಿಸಿ ನೋಡಿದೆ. ಗೆರೆ ಒಂದು ಕೂದಲೆಳೆಯೂ ಜರುಗಿರಲಿಲ್ಲ. ಅದರ ಪಕ್ಕದಲ್ಲಿ, ನನ್ನದೇ ಡಬ್ಬಿಯ ಬಿಳಿ ಚಾಕ್‌ಪೀಸಿನಲ್ಲಿ, ಮಕ್ಕಳ ಉತ್ತರ ಸರಿಯಿದ್ದಾಗ ಮೇಷ್ಟರು ಹಾಕುವ ರೈಟ್ ಮಾರ್ಕು ಹಾಕಿತ್ತು.